ಹಡಗಿನ ಮಿಷನ್ನೂ ನನ್ನ ನಿಕಾಹೂ

ನಿನ್ನೆ ಮಧ್ಯಾಹ್ನ ಊಟ ಮುಗಿಸಿ ಅಡ್ಡಾಗುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಅದರಲ್ಲಿ ವಿಶೇಷವೇನಿಲ್ಲ, ಹೊನ್ನಾಳಿಯಲ್ಲಿ ಕರೆಂಟು ಇದ್ದರೆ ವಿಶೇಷ. ಹಿಂದಿನ ಬೀದಿಯ ಶಾದಿಮಹಲಿನಲ್ಲಿ ಯಾರದೋ ಮದುವೆ. ಅವರ ಜನರೇಟರು ಕೆಮ್ಮಿ, ಗುಡುಗಿ, ಸ್ವಲ್ಪ ಹೊತ್ತು ಓಡಿ, ಗಪ್ಪೆಂದು ನಿಂತಿತು. ಮತ್ತೆ ಓಡಿತು. ಮತ್ತೆ ನಿಂತಿತು. ಕಿಟಕಿಯಿಂದ ಎಣ್ಣೆಯ ವಾಸನೆ ಒಳಗೆ ಬಂತು. ಬೆಳ್ಳುಳ್ಳಿ ಬಿಡಿಸುತ್ತಿದ್ದ ನನ್ನ ಹೆಂಡತಿ ಜುಲೇಖಾ ತಲೆ ಎತ್ತದೆ, "ಮುಚ್ಚಳ ತೆಗೆದು ನೋಡಾಕೆ ಹೇಳಿ ಬರ್ರಿ" ಎಂದಳು. ನನಗೆ ನಗು ತಡೆಯಲಾಗಲಿಲ್ಲ, ನಿದ್ದೆಯೂ ಹಾರಿಹೋಯಿತು. ಎದ್ದು ಕುಳಿತು ಇದನ್ನು ಬರೆಯತೊಡಗಿದೆ.

ಲೋಕದಲ್ಲಿ ಮದುವೆಗಳು ವರದಕ್ಷಿಣೆಗೆ ನಿಲ್ಲುತ್ತವೆ, ಊಟದಲ್ಲಿ ಉಪ್ಪು ಹೆಚ್ಚಾಯಿತೆಂದು ನಿಲ್ಲುತ್ತವೆ. ನನ್ನದು ಮಾತ್ರ ಒಂದು ಹಡಗಿನ ಮಿಷನ್ನು ಓಡುವುದಿಲ್ಲವೆಂದು ನಿಂತಿತ್ತು. ಹೊನ್ನಾಳಿಗೆ ಹಡಗು ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಹಡಗು ಬರಲಿಲ್ಲ, ಅದರ ಹೊಟ್ಟೆಯೊಳಗೆ ದೀಪ ಉರಿಸುತ್ತಿದ್ದ ಕರೆಂಟಿನ ಮಿಷನ್ನು ಮಾತ್ರ ಬಂತು.

ತಂದವರು ನನ್ನ ಮಾವ ಇಮಾಮ್ ಸಾಹೇಬರು. ಆಗಿನ್ನೂ ಮಾವ ಆಗಿರಲಿಲ್ಲ, ಮಗಳು ಜುಲೇಖಾಳನ್ನು ನನಗೆ ಕೊಡುವ ಮಾತಷ್ಟೇ ಆಗಿತ್ತು, ಅದೇ ನನ್ನ ಕಷ್ಟ. ಹಗ್ಗ, ಗೋಣಿಚೀಲದ ವ್ಯಾಪಾರಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮುಂಬಯಿ ಬಂದರಿನಲ್ಲಿ ಹಳೆಯ ಸಾಮಾನು ಹರಾಜಾಗುತ್ತಿತ್ತು. ಹಗ್ಗ ಕೊಳ್ಳಲು ಹೋದವರು ಹಗ್ಗ ಬಿಟ್ಟು ಇದನ್ನು ಕೊಂಡು ಬಂದರು. ಶಿವಮೊಗ್ಗದವರೆಗೆ ರೈಲು, ಅಲ್ಲಿಂದ ಎತ್ತಿನ ಗಾಡಿ. ಬಂದ ದಿನ ಅಂಗಳದಲ್ಲಿಟ್ಟು, ಅದನ್ನು ತಂಪಾಗಿಡಲು ಪಕ್ಕದಲ್ಲೊಂದು ಹಂಡೆ ನೀರಿಟ್ಟು ಓಡಿಸಿದರು. ಸಂಜೆಯಿಡೀ ಓಡಿತು. ಅದುವರೆಗೆ ಕಂದೀಲು ಬಿಟ್ಟರೆ ಬೇರೆ ಕಾಣದ ಬೀದಿಯಲ್ಲಿ ಬಲ್ಬುಗಳು ಉರಿದವು. ಇಮಾಮ್ ಸಾಹೇಬರ ತಲೆಯೂ ತಿರುಗಿತು. ನೆರೆದ ಜನರ ಮುಂದೆ ನಿಂತು, "ಕೇಳ್ರಪಾ ಎಲ್ಲಾರೂ! ನನ್ನ ಮಗಳ ನಿಕಾಹ್ ಈ ಲೈಟಿನಾಗೇ ಆಗೋದು. ಇದು ಉರೀಲಿಲ್ಲ ಅಂದ್ರೆ ನಿಕಾಹೂ ಇಲ್ಲ!" ಎಂದುಬಿಟ್ಟರು. ಮಾತಿಗೆ ತಪ್ಪದ ಮನುಷ್ಯ ಎಂದು ಅವರಿಗೆ ಹೆಸರಿತ್ತು. ಆ ಹೆಸರು ನನ್ನ ಕುತ್ತಿಗೆಗೆ ಬಂತು.

ಏಕೆಂದರೆ ಮರುವಾರದಿಂದ ಮಿಷನ್ನು ಓಡಲಿಲ್ಲ. ಓಡಲೇ ಇಲ್ಲ ಎನ್ನುವಂತಿಲ್ಲ. ಚೆನ್ನಾಗಿಯೇ ಶುರುವಾಗುತ್ತಿತ್ತು, ಒಂದು ಚಹಾ ಕುಡಿದು ಮುಗಿಸುವಷ್ಟರಲ್ಲಿ ಉಸಿರು ಕಟ್ಟಿದಂತೆ ಎಳೆದು ಎಳೆದು ನಿಲ್ಲುತ್ತಿತ್ತು.

ನಾವು ಪಟ್ಟ ಪಾಡು ನೀವೂ ಪಡುವುದು ಬೇಡ, ಗುಟ್ಟನ್ನು ಈಗಲೇ ಹೇಳಿಬಿಡುತ್ತೇನೆ. ಮದುವೆಯ ಮನೆಯೆಂದ ಮೇಲೆ ಪಾತ್ರೆಗಳಿಗೆಲ್ಲ ಕಲಾಯಿ ಆಗಬೇಕಲ್ಲ? ಹಂಡೆ, ಬಿರಿಯಾನಿ ಡೇಗು, ತಟ್ಟೆ, ಲೋಟ ಎಲ್ಲ ಕಲಾಯಿ ಖಾಸಿಮನ ತಿದಿಯ ಮುಂದೆ ಹೋದವು. ಮಿಷನ್ನಿನ ಎಣ್ಣೆ ಟ್ಯಾಂಕಿನ ಮುಚ್ಚಳ ಹಿತ್ತಾಳೆಯದು. ಹಿತ್ತಾಳೆ ಎಂಬ ಒಂದೇ ಕಾರಣಕ್ಕೆ ಮನೆಯ ಹೆಂಗಸರು ಅದನ್ನೂ ತಿರುಪಿ ಬಿಚ್ಚಿ ಪಾತ್ರೆಗಳ ಜೊತೆ ಕಳಿಸಿದರು. ಅದರ ನಡುವೆ ಸೂಜಿ ಹೋಗುವಷ್ಟು ತೂತಿತ್ತು. ಟ್ಯಾಂಕಿನ ಒಳಗೆ ಗಾಳಿ ಹೋಗಲಿ, ಎಣ್ಣೆ ಸರಾಗವಾಗಿ ಇಳಿಯಲಿ ಎಂದು ಹಡಗಿನವರು ಬಿಟ್ಟ ತೂತು. ಖಾಸಿಮ ನೋಡಿದ. ಮದುವೆ ಮನೆಯ ಮುಚ್ಚಳಕ್ಕೆ ತೂತೇ? ತವರ ಕಾಯಿಸಿ, ಬಿಟ್ಟಿಯಾಗಿ, ಪ್ರೀತಿಯಿಂದ ಮುಚ್ಚಿ ಕಳಿಸಿದ. ಗಾಳಿ ಇಲ್ಲದೆ ಎಣ್ಣೆ ಇಳಿಯದು, ಎಣ್ಣೆ ಇಳಿಯದೆ ಮಿಷನ್ನು ಓಡದು. ಮುಚ್ಚಳ ಬಿಚ್ಚಿದ ಕೂಡಲೇ ಗಾಳಿ ಹೊಕ್ಕು ಮತ್ತೆ ಸ್ವಲ್ಪ ಹೊತ್ತು ಓಡುತ್ತಿತ್ತು. ಇಷ್ಟೇ ಕಥೆ.

ಆದರೆ ಇದು ನಮಗ್ಯಾರಿಗೂ ತಿಳಿಯದಂತೆ ಮಾಡಿದ್ದು ಇಮಾಮ್ ಸಾಹೇಬರ ಒಂದು ಚಾಳಿ. ಸೀಮೆಎಣ್ಣೆಗೆ ಆಗ ರೇಷನ್ನು. ಮಿಷನ್ನು ನಿಂತರೆ ಅವರಿಗೆ ಮೊದಲು ಬರುತ್ತಿದ್ದ ಅನುಮಾನ, ಯಾರೋ ಎಣ್ಣೆ ಕದ್ದಿದ್ದಾರೆ ಎಂದು. "ತಡೀರಿ, ಎಣ್ಣೆ ಐತೋ ಇಲ್ವೋ ನೋಡಾನ" ಎಂದು ತಾವೇ ಮುಚ್ಚಳ ಬಿಚ್ಚಿ, ಕಡ್ಡಿ ಅದ್ದಿ ನೋಡಿ, ವಾಸನೆ ಕೂಡ ಹೊರಗೆ ಹೋಗದಂತೆ ಹಲ್ಲು ಕಚ್ಚಿ ಬಿಗಿಯುತ್ತಿದ್ದರು. ಆಮೇಲೆ ನಮ್ಮ ಚಿಕಿತ್ಸೆ. ಅಂದರೆ ನಾವು ಏನು ಮಾಡಿದರೂ ಮಿಷನ್ನು ಓಡುತ್ತಿತ್ತು! ಏನು ಮಾಡಿದರೂ ಓಡುವ ಮಿಷನ್ನಿನಷ್ಟು ಮನುಷ್ಯನನ್ನು ಮೂರ್ಖನಾಗಿಸುವ ವಸ್ತು ಇನ್ನೊಂದಿಲ್ಲ.

ಮೊದಲು ಚನ್ನಗಿರಿಯಿಂದ ಬಸ್ಸಿನ ಮೇಸ್ತ್ರಿ ರುದ್ರಪ್ಪ ಬಂದ. ಪ್ಲಗ್ಗು ಬಿಚ್ಚಿ ತನ್ನ ಪಂಚೆಯ ಅಂಚಿನಲ್ಲಿ ಒರೆಸಿ ಹಾಕಿದ. ಓಡಿತು. "ಇಷ್ಟಕ್ಕೆ ನನ್ನ ಕರೆಸಿದ್ರಾ ಸಾಹೇಬ್ರೇ?" ಎಂದು ನಗುತ್ತಾ ಕೈ ತೊಳೆಯಲು ಹೋದ. ಕೈ ಒರೆಸಿಕೊಳ್ಳುವಷ್ಟರಲ್ಲಿ ನಿಂತಿತು. ಪಾಪ, ಸಂಜೆಯ ತನಕ ಒರೆಸಿದ. ಪಂಚೆಯಲ್ಲಿ ಬಿಳಿ ಜಾಗ ಮುಗಿದ ಮೇಲೆ ಊರಿಗೆ ಹೊರಟ.

ಆಮೇಲೆ ನನ್ನ ಸರದಿ. ನಾನಾಗ ನ್ಯಾಮತಿಯಲ್ಲಿ ಕನ್ನಡ ಶಾಲೆಯ ಮೇಷ್ಟ್ರು. ನಮ್ಮ ಮನೆಮಾತು ಉರ್ದುವಾದರೂ ವ್ಯಾಪಾರ, ಬೈಗುಳ, ರಿಪೇರಿ ಎಲ್ಲ ಕನ್ನಡದಲ್ಲೇ. ಮಿಷನ್ನಿನ ಮೇಲೊಂದು ಇಂಗ್ಲಿಷ್ ತಗಡಿತ್ತು. ಅದನ್ನು ಓದಲು ಮದುವೆಗೆ ಮುಂಚೆಯೇ ಅಳಿಯನನ್ನು ಕರೆಸಿದರು. ಸೈಕಲ್ಲು ತುಳಿದುಕೊಂಡು ಬಂದೆ. ಮನೆಯ ಕಿಟಕಿಗೆ ಪರದೆ ಇತ್ತು, ಅದರ ಹಿಂದೆ ಬಳೆ ಸದ್ದಿತ್ತು. ಎದೆ ಉಬ್ಬಿಸಿ ಓದಿದೆ: ಸಮುದ್ರದ ಮೇಲೆ ಮಾತ್ರ ಬಳಸತಕ್ಕದ್ದು.

ಬಾಯಿ ಮುಚ್ಚಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು! "ಅಲ್ಲೈತೆ ನೋಡ್ರಿ! ಅದು ಉಪ್ಪುನೀರಿನಾಗೆ ಬೆಳೆದ ಜೀವ, ನಮ್ಮ ಹೊಳೆ ನೀರು ಹೆಂಗೆ ಒಗ್ಗತೈತೆ?" ಎಂದು ಇಮಾಮ್ ಸಾಹೇಬರು ಹಂಡೆಗೆ ಉಪ್ಪು ಸುರಿಸಿದರು. ಎಣ್ಣೆ ನೋಡಿದರು, ಮುಚ್ಚಳ ಬಿಗಿದರು, ಓಡಿತು. ಜನ ಚಪ್ಪಾಳೆ ತಟ್ಟಿದರು. ನಿಂತಿತು. ಉಪ್ಪು ಸಾಲದು ಎಂದಾಯಿತು. ಸಮುದ್ರದಷ್ಟು ಉಪ್ಪಾಗಿದೆಯೋ ಇಲ್ಲವೋ ಹೇಳಲು ಸಮುದ್ರದ ರುಚಿ ಕಂಡವರು ಬೇಕಲ್ಲ? ಟ್ರೈನಿಂಗಿನಲ್ಲಿದ್ದಾಗ ನಾನೊಮ್ಮೆ ಮಂಗಳೂರಿಗೆ ಹೋಗಿ, ಅಲೆ ಬಡಿದು ಬಿದ್ದು, ಒಂದು ಬಾಯಿ ನೀರು ಕುಡಿದಿದ್ದೆ. ಇಡೀ ಬೀದಿಗೆ ನಾನೇ ಪರೀಕ್ಷಕ. ಅವರು ಬೊಗಸೆ ಬೊಗಸೆ ಉಪ್ಪು ಹಾಕುವುದು, ನಾನು ಲೋಟದಲ್ಲಿ ರುಚಿ ನೋಡಿ "ಇನ್ನೂ ಸ್ವಲ್ಪ ಬೇಕ್ರಿ" ಎನ್ನುವುದು. ನ್ಯಾಮತಿಗೆ ಹಿಂತಿರುಗುವ ದಾರಿಯಲ್ಲಿ ಸೈಕಲ್ಲಿನ ಮೇಲೆ ಕೂತದ್ದಕ್ಕಿಂತ ಬೇಲಿಯ ಮರೆಯಲ್ಲಿ ಕೂತದ್ದೇ ಹೆಚ್ಚು.

ಉಪ್ಪು ಸೋತ ಮೇಲೆ ಯಾರೋ ಹಡಗು ಅಲ್ಲಾಡುತ್ತದೆ ಎಂದರು. ಮಿಷನ್ನನ್ನು ಎತ್ತಿನ ಗಾಡಿಯ ಮೇಲೆ ಏರಿಸಿ, ನೊಗ ಕಟ್ಟುವ ಮೂಕಿ ಹಿಡಿದು ನಾಲ್ಕು ಜನ ಮೇಲೆ ಕೆಳಗೆ ಆಡಿಸಿದರು. ಹಿಡಿದುಕೊಳ್ಳಲು ನಾನು ಮೇಲೆ ಕೂತೆ, ಓದಿದವನು ಎಂದು. ಅದೂ ಓಡಿತು, ಅದೂ ನಿಂತಿತು. ಇಳಿದ ಮೇಲೂ ನನಗೆ ಹೊನ್ನಾಳಿ ಸ್ವಲ್ಪ ಹೊತ್ತು ಅಲ್ಲಾಡುತ್ತಲೇ ಇತ್ತು.

ಇತ್ತ ನಿಕಾಹಿನ ದಿನ ಒಂದು ಸಲ ಮುಂದೆ ಹೋಯಿತು, ಇನ್ನೊಂದು ಸಲ ಹೋಯಿತು. ನ್ಯಾಮತಿಯಲ್ಲಿ ಮಕ್ಕಳು ಕೂಡ "ಮೇಷ್ಟ್ರೇ, ಮಿಷನ್ನು ಓಡ್ತಾ?" ಎಂದು ಕೇಳತೊಡಗಿದರು. ಅಮ್ಮ ಊಟ ಬಿಟ್ಟಳು. ನಕ್ಕೂ ನಕ್ಕೂ ಸಾಕಾಗಿ, ನನಗೆ ನಿಜವಾಗಿ ಹೆದರಿಕೆ ಹತ್ತಿತು. ಇಷ್ಟರಲ್ಲಿ ಆ ಬಳೆ ಸದ್ದು ನನಗೆ ಬೇಕೇ ಬೇಕು ಅನಿಸಿಬಿಟ್ಟಿತ್ತು.

ಕೊನೆಗೆ ಜಗಳೂರಿನಿಂದ ನನ್ನ ಮಾಮು ಬಂದರು, ಅಮ್ಮನ ಅಣ್ಣ. ಮಾತು ಮುರಿದು, ಜಗಳೂರಿನಲ್ಲೇ ಬೇರೆ ಹೆಣ್ಣು ನೋಡುವುದೆಂದು ತೀರ್ಮಾನ ಮಾಡಿಕೊಂಡೇ ಬಂದಿದ್ದರು. ಇಮಾಮ್ ಸಾಹೇಬರ ಅಂಗಳದಲ್ಲಿ ಮಿಷನ್ನು ನಮ್ಮಿಬ್ಬರ ಕಣ್ಣೆದುರೇ ನಿಂತಿತು. ಅವರು ಎದ್ದು ನಿಂತು ಕಿಟಕಿಯ ಕಡೆ ಕೈ ತೋರಿಸಿ, "ಮಿಷನ್ನಿಂದೇನೂ ತಪ್ಪಿಲ್ಲ ಸಾಹೇಬ್ರೇ. ಹುಡುಗಿ ಕಾಲ್ಗುಣ ಸರಿ ಇಲ್ಲ. ನಡಿಯೋ, ಹೋಗಾನ" ಎಂದರು.

ಇಮಾಮ್ ಸಾಹೇಬರ ಮುಖ ಸುಟ್ಟುಹೋಯಿತು. ಹೆಣ್ಣಿನ ತಂದೆ, ಏನೂ ಅನ್ನುವಂತಿಲ್ಲ. ಪರದೆಯ ಹಿಂದೆ ಬಳೆ ಸದ್ದೂ ನಿಂತಿತು. ದೊಡ್ಡವರಿಗೆ ಎದುರು ಮಾತಾಡಿ ನನಗೆ ಅಭ್ಯಾಸವಿಲ್ಲ. ಆದರೂ ಬಾಯಿಗೆ ಬಂತು: "ಕಾಲ್ಗುಣ ಅಂದ್ರೆ ನಂದೇ ಇರಬೇಕು ಮಾಮು. ಅವರು ಹುಟ್ಟಿದಾಗಿಂದ ಈ ಮನೇಲಿ ಅದಾರೆ, ವ್ಯಾಪಾರ ಚೆನ್ನಾಗೇ ನಡದೈತೆ. ನಾನು ಬಂದಾಗಲೆಲ್ಲ ಮಿಷನ್ನು ನಿಲ್ತೈತೆ. ನಾನು ಬರಲ್ಲ, ನೀವು ಬೇಕಾದ್ರೆ ಹೋಗ್ರಿ."

ಮಾಮು ಬಾಯಿ ತೆರೆದರು. ಅಷ್ಟರಲ್ಲಿ ಏನು ಮಾಡುವುದೆಂದು ತೋಚದ ಇಮಾಮ್ ಸಾಹೇಬರು ರೂಢಿಯಂತೆ ಎಣ್ಣೆ ನೋಡಲು ಮುಚ್ಚಳ ಬಿಚ್ಚಿದ್ದರು. ಪರದೆಯ ಒಳಗಿನಿಂದ ಅಪ್ಪನನ್ನು ಕರೆಯುವ ಒಂದು ದನಿ ಬಂತು. ನಾನು ಮೊದಲ ಸಲ ಕೇಳಿದ ದನಿ. "ಅಬ್ಬಾ, ಈ ಸಲ ಮುಚ್ಚಳ ಹಾಕಬ್ಯಾಡ್ರಿ. ಹಂಗೇ ಓಡಿಸ್ರಿ."

ಗಂಡಿನ ಕಡೆಯವರ ಮುಂದೆ ಹುಡುಗಿ ಮಾತಾಡಿದ್ದಕ್ಕೆ ಬೈಯಬೇಕೆಂದು ಅವರು ತಿರುಗಿದರು. ಆದರೆ ಅಷ್ಟರಲ್ಲಿ ಯಾರೋ ಮಿಷನ್ನು ತಿರುವಿಬಿಟ್ಟಿದ್ದರು, ಆ ಗದ್ದಲದಲ್ಲಿ ಬೈಗುಳ ಯಾರಿಗೂ ಕೇಳಲಿಲ್ಲ. ಚಹಾ ಬಂತು, ಕುಡಿದೆವು. ಓಡುತ್ತಿತ್ತು. ಎಲೆ ಅಡಿಕೆ ಬಂತು, ಹಾಕಿಕೊಂಡೆವು. ಓಡುತ್ತಲೇ ಇತ್ತು. ಸಂಜೆಯ ಮಗ್ರಿಬ್ ನಮಾಜು ಮುಗಿಸಿ ಬಂದಾಗಲೂ ಬಲ್ಬು ಉರಿಯುತ್ತಿತ್ತು. ಮಾಮು ಅದರ ಕೆಳಗೆ ಕುಳಿತು, ಎಲ್ಲ ತಾವೇ ಮಾಡಿಸಿದಂತೆ ಗಡ್ಡ ನೀವಿಕೊಳ್ಳುತ್ತಿದ್ದರು. ಮುಂದಿನ ಶುಕ್ರವಾರವೇ ನಿಕಾಹ್ ಆಯಿತು. ಊಟಕ್ಕೆ ಬಂದ ಖಾಸಿಮ ತೆರೆದ ಟ್ಯಾಂಕು ನೋಡಿ, "ಮುಚ್ಚಳ ಯಾಕೆ ಹಾಕಿಲ್ರಿ? ತೂತು ಎಷ್ಟು ಚೆಂದ ಮುಚ್ಚಿ ಕೊಟ್ಟಿದ್ದೆ!" ಎಂದಾಗ ನಮಗೆಲ್ಲ ಗುಟ್ಟು ತಿಳಿಯಿತು. ಇಮಾಮ್ ಸಾಹೇಬರು ಅವನಿಗೆ ಬೈದರು, ಆಮೇಲೆ ಇನ್ನೊಂದು ತುಂಡು ಮಾಂಸ ಬಡಿಸಿದರು.

ಜುಲೇಖಾಳಿಗೆ ಆ ಕ್ಷಣಕ್ಕೆ ಏನೋ ಹೊಳೆಯಿತು, ನನ್ನ ಪುಣ್ಯ, ಎಂದುಕೊಂಡು ಇಷ್ಟು ವರ್ಷ ಸಂಸಾರ ಮಾಡಿದೆ. ಇಲ್ಲಿಯವರೆಗೆ ಬರೆದದ್ದನ್ನು ಇವತ್ತು ಬೆಳಿಗ್ಗೆ, ಮತ್ತೆ ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದ ಅವಳಿಗೆ ಓದಿ ಹೇಳಿದೆ. ಉಪ್ಪು ನೀರಿನ ಭಾಗಕ್ಕೆ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಕೊನೆಗೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, "ಒಂದು ತಪ್ಪು ಬರದೀರಿ" ಎಂದಳು.

"ಏನು?"

"ಅವತ್ತು ಹೊಳೆದಿದ್ದಲ್ಲ. ರುದ್ರಪ್ಪ ಬಂದು ಹೋದ ದಿನಾನೇ ನನಗೆ ಗೊತ್ತಾತು. ಕಿಟಕೀಲಿ ಕೂತು ನೋಡೋದು ಬಿಟ್ರೆ ನನಗೇನು ಕೆಲಸ ಇತ್ರಿ? ಅಬ್ಬಾ ಮುಚ್ಚಳ ತೆಗೆದು ನೋಡಿದ ಮೇಲಷ್ಟೇ ಓಡ್ತಿತ್ತು, ಬಿಗಿದ್ರೆ ನಿಲ್ತಿತ್ತು."

"ಮತ್ತೆ ಹೇಳಲಿಲ್ಲ? ನಾನು ಅಷ್ಟು ಉಪ್ಪು ಕುಡಿದೆ!"

"ಮದುವೆ ಒಪ್ಪಿಗೇನಾ ಅಂತ ನನ್ನ ಯಾರು ಕೇಳಿದ್ರು? ನಿಕಾಹ್ ಓದೋ ಖಾಜಿ ಕೇಳ್ತಾರೆ, ಎಲ್ಲಾರೂ ಬಂದು ಕೂತ ಮೇಲೆ. ಆಗ ಬ್ಯಾಡ ಅನ್ನಾಕೆ ಆಗ್ತಿತ್ತಾ? ಮಿಷನ್ನು ನಿಂತಷ್ಟು ದಿನ ನಿಮ್ಮನ್ನ ನೋಡಾಕಾದ್ರೂ ಸಿಕ್ತು. ನಿಮ್ಮ ಮಾಮು ಹಂಗಂದಾಗ ನೀವು ಅವರಿಗೆ ಏನಂತೀರೋ ಅಂತ ಕಿವಿ ಕೊಟ್ಟು ಕೂತಿದ್ದೆ."

"ನಾನೇನೂ ಅನ್ನದೆ ಇದ್ದಿದ್ರೆ?"

"ಅಬ್ಬಾ ಮುಚ್ಚಳ ಹಾಕ್ತಿದ್ರು. ನಾನು ಸುಮ್ನಿರ್ತಿದ್ದೆ."

ಅಷ್ಟು ಹೇಳಿ ಬೆಳ್ಳುಳ್ಳಿ ಸಿಪ್ಪೆ ಗೋರಿಕೊಂಡು ಎದ್ದಳು. ನನಗೆ ಅವಮಾನವೂ ಆಯಿತು, ಹೆದರಿಕೆಯೂ ಆಯಿತು, ಹೇಳಲಾಗದಷ್ಟು ಪ್ರೀತಿಯೂ ಬಂತು. ಮೊಮ್ಮಕ್ಕಳನ್ನು ಕಂಡ ಈ ವಯಸ್ಸಿನವರೆಗೆ, ಆ ಒಂದು ಮಾತು ಅವಳನ್ನು ಕೇಳಬೇಕೆಂದು ನನಗೂ ತೋಚಿರಲಿಲ್ಲ. ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತು, ಹೊಸ ಮದುಮಗನಂತೆ ಗಂಟಲು ಸರಿ ಮಾಡಿಕೊಂಡು ಕೇಳಿದೆ: "ಜುಲೇಖಾ, ನನ್ನ ಮದುವೆ ಆಗಾಕೆ ನಿನಗೆ ಒಪ್ಪಿಗೇನಾ?"

ಅವಳು ಅಕ್ಕಿ ತೊಳೆಯುತ್ತಿದ್ದಳು. ನೀರು ಬಸಿದಳು. ಇನ್ನೊಮ್ಮೆ ತೊಳೆದಳು.

"ಯೋಚನೆ ಮಾಡಿ ಹೇಳ್ತೀನ್ರಿ" ಎಂದಳು. "ಹೊರಗೆ ಕೂತಿರ್ರಿ."

ಕೂತಿದ್ದೇನೆ.