ಹದಿನೈದು ದಿನಗಳಲ್ಲಿ ಬೆಳೆದ ಮಚ್ಚೆ

ಸ್ನೇಹಿತರೇ, ಎಂಟು ವರ್ಷದ ಮಗಳ ಅಂಗಾಲಿನ ಮಚ್ಚೆ ಹದಿನೈದು ದಿನಗಳಲ್ಲಿ ಇಮ್ಮಡಿಯಾಗಿತ್ತು. ಇಲ್ಲದ್ದನ್ನೆಲ್ಲ ಯೋಚಿಸುತ್ತ ಇವತ್ತು ಅವಳನ್ನು ಮೆಲ್ಕಾರಿನ ಚರ್ಮದ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ಸ್ಪಿರಿಟ್ ಹಾಕಿದ ಹತ್ತಿಯಿಂದ ಒರೆಸಿದರು. ಅರ್ಧ ಮಚ್ಚೆ ಹತ್ತಿಗೆ ಬಂತು!

"ಇದೆಂತದು ಮಾರಾಯ್ತಿ?" ಎಂದೆ.

"ಮಾರ್ಕರ್," ಎಂದಳು ಮಗಳು. "ಕಾಲಡಿ ಮಚ್ಚೆ ಇದ್ದವರು ಫಾರಿನ್‌ಗೆ ಹೋಗ್ತಾರೆ ಅಂತ ಅಜ್ಜಿ ಹೇಳಿದ್ದು. ನನ್ನದು ಸಣ್ಣದುಂಟಲ್ಲ, ಅದಕ್ಕೆ."

ಡಾಕ್ಟರು ನಗು ತಡೆದುಕೊಂಡು, ಉಳಿದ ಮಚ್ಚೆಯನ್ನು ಡರ್ಮೋಸ್ಕೋಪ್ ಎಂಬ ದೀಪದ ಭೂತಗನ್ನಡಿಯಲ್ಲಿ ನೋಡಿದರು. "ಬಣ್ಣ ಚರ್ಮದ ಗೆರೆಗಳ ತಗ್ಗಿನಲ್ಲೇ ಉಂಟು. ದಿಬ್ಬದಲ್ಲಿದ್ದರೆ ಯೋಚನೆ ಮಾಡ್ಬೇಕಿತ್ತು. ಹೆದರುವುದು ಬೇಡ."

"ಇಷ್ಟು ಸಣ್ಣ ಮಚ್ಚೆಯಲ್ಲಿ ಎಲ್ಲಿವರೆಗೆ ಹೋಗಬಹುದು, ಡಾಕ್ಟ್ರೇ?" ಮಗಳು ಕೇಳಿದಳು.

"ಇಲ್ಲೇ ಪಕ್ಕದ ಮಾಣಿ ಪೇಟೆವರೆಗೆ ಧೈರ್ಯವಾಗಿ ಹೋಗು."

ಇಷ್ಟು ದಿನ ಮೊಬೈಲಿನಲ್ಲಿ ಕಾಯಿಲೆಗಳನ್ನು ಹುಡುಕಿದ ನನಗೆ, ಮಗಳ ಕಾಲನ್ನು ಒಮ್ಮೆ ಸೋಪು ಹಾಕಿ ತಿಕ್ಕಿ ನೋಡುವ ಬುದ್ಧಿ ಮಾತ್ರ ಬರಲಿಲ್ಲ.