ಡೋಲಿನಾ ನಿಲ್ಲಿಸಿದ ಗಾಳಿಯಂತ್ರ

ಲೂಯಿಸ್ ದ್ವೀಪದ ಗ್ರೆನಬೋಸ್ಟ್ ಊರಿನಲ್ಲಿ ಅಂಚೆ ಹಂಚುವ ಡೋಲಿನಾಗೆ ಭಾನುವಾರ ಅಂದರೆ ಭಾನುವಾರವೇ, ದೇವರ ದಿನ; ಅವತ್ತು ಕೆಲಸ ಮಾಡಿದರೆ ಪಾಪ. ಆ ದಿನದ ಆಲೂಗಡ್ಡೆ ಶನಿವಾರ ಸಂಜೆಯೇ ಸುಲಿದಿಡಬೇಕು, ಮಕ್ಕಳ ಉಯ್ಯಾಲೆಗೆ ಸರಪಳಿ ಬಿಗಿದು ಬೀಗ ಹಾಕಬೇಕು. ಮರುದಿನ ಇಗರ್ಜಿ, ಬೈಬಲ್ಲು, ತಣ್ಣಗಿನ ಊಟ, ಅಷ್ಟೇ. ಅವತ್ತು ಬಟ್ಟೆ ಒಣಹಾಕಿದವಳ ಕಥೆ ಸೋಮವಾರ ಬೆಳಗಾಗುವುದರೊಳಗೆ ಊರೆಲ್ಲ ಸುತ್ತಿರುತ್ತದೆ.

ಇಂಥವಳೇ ಊರವರ ಸಮಿತಿ ಕಟ್ಟಿ, ಅನುದಾನಕ್ಕಾಗಿ ವರ್ಷಗಟ್ಟಲೆ ಕಚೇರಿಗಳಿಗೆ ಚಪ್ಪಲಿ ಸವೆಸಿ, ಗುಡ್ಡದ ಮೇಲೊಂದು ಗಾಳಿಯಂತ್ರ ಎಬ್ಬಿಸಿದ್ದು. ಎಲ್ಲ ತಾಯಿ ಕರ್ಸ್ಟಿಯೋನಾಗಾಗಿ. ಮುದುಕಿ ಇದ್ದ ಊರ ವೃದ್ಧಾಶ್ರಮ ಕರೆಂಟಿನ ಖರ್ಚು ತಾಳಲಾರದೆ ಮುಚ್ಚುವುದರಲ್ಲಿತ್ತು. ಈ ಯಂತ್ರದ ಕರೆಂಟು ಸಿಕ್ಕರೆ ಉಳಿಯುತ್ತಿತ್ತು. ಮುಚ್ಚಿದರೆ ಅಲ್ಲಿದ್ದವರೆಲ್ಲ ಕಡಲಾಚೆಯ ಪಟ್ಟಣದ ಆಶ್ರಮಕ್ಕೆ. ತಮ್ಮ ಗೇಲಿಕ್ ನುಡಿ ಮಾತಾಡುವ ಒಂದು ನರಪಿಳ್ಳೆಯೂ ಅಲ್ಲಿ ಸಿಗುವುದಿಲ್ಲ.

ಅನುದಾನದವರದು ಒಂದೇ ಷರತ್ತು. ಯಂತ್ರ ಒಂದು ವಾರ ಎಡೆಬಿಡದೆ ಓಡಿ ತೋರಿಸಬೇಕು. ಇಲ್ಲವಾದರೆ ಹಣವೂ ಇಲ್ಲ, ಯಂತ್ರವೂ ಇಲ್ಲ. ಡೋಲಿನಾ ಸೋಮವಾರ ಯಂತ್ರ ಓಡಿಸಿದಳು. ಶನಿವಾರ ಸಂಜೆ ಉಯ್ಯಾಲೆಗೆ ಬೀಗ ಹಾಕಿ, ಹಾಗೇ ಗುಡ್ಡ ಹತ್ತಿ ಯಂತ್ರವನ್ನೂ ನಿಲ್ಲಿಸಿ ಬಂದಳು.

ಸೋಮವಾರ ಗ್ಲಾಸ್ಗೋದಿಂದ ಬಂದ ಅನುದಾನದ ಅಧಿಕಾರಿ ರೆನ್ನಿ ಯಂತ್ರ ಓಡಿದ ಲೆಕ್ಕ ತೋರಿಸುವ ಪೆಟ್ಟಿಗೆ ನೋಡಿ ಬೆಪ್ಪಾದ. "ಶನಿವಾರ ಏನಾದ್ರೂ ಕೆಟ್ಟು ಹೋಗಿತ್ತಾ?"

"ಕೆಡೋದೇನು? ನಾನೇ ನಿಲ್ಲಿಸಿದೆ."

"ಯಾಕಮ್ಮ?"

"ಮಾರನೇ ದಿನ ಭಾನುವಾರ ಅಲ್ವಾ."

ಅವನು ಅವಳ ಮುಖ ನೋಡಿದ. ತಮಾಷೆಯಲ್ಲ ಅಂತ ಖಾತ್ರಿಯಾದ ಮೇಲೆ ಮೆಲ್ಲಗೆ ಹೇಳಿದ: "ವಾರಕ್ಕೆ ಏಳು ದಿನ ಕಣಮ್ಮ. ನೀವು ಫೇಲು."

ಸಮಿತಿಯಲ್ಲಿ ಅಷ್ಟು ಜನ ಕೂತು ಷರತ್ತನ್ನು ಅಕ್ಷರ ಅಕ್ಷರ ಓದಿದ್ದರು. ಒಬ್ಬನ ತಲೆಗಾದರೂ ಹೊಳೆಯಬೇಡವೇ? ಹೊಳೆಯಲಿಲ್ಲ. ಭಾನುವಾರವೂ ಓಡಿಸು ಅಂತ ಕೇಳುವವರು ಭೂಮಿಯ ಮೇಲೆ ಇದ್ದಾರೆಂದೇ ಅವರಿಗೆ ಗೊತ್ತಿರಲಿಲ್ಲ.

ರೆನ್ನಿ ಕಲ್ಲು ಮನಸ್ಸಿನವನಲ್ಲ. "ಇನ್ನೊಂದೇ ವಾರ ಕೊಡ್ತೀನಿ. ಈ ಸಲ ನಿಲ್ಲಿಸಬೇಡಿ," ಅಂದ.

ಅವಳು ಯಂತ್ರವನ್ನು ಮತ್ತೆ ಓಡಿಸಿ, ಆ ವಾರವಿಡೀ ಒಮ್ಮೆ ಷರತ್ತಿನ ಕಾಗದ, ಒಮ್ಮೆ ಬೈಬಲ್ಲು ತಿರುವಿ ಹಾಕಿದಳು. ಕೊನೆಗೆ ಶನಿವಾರ ಗುಡ್ಡದ ಕಡೆ ತಲೆ ಹಾಕದೆ ಮನೆಯಲ್ಲೇ ಉಳಿದಳು. ಭಾನುವಾರ ಇಗರ್ಜಿಯಿಂದ ಹೊರಬಂದ ಜನ ತಲೆಯೆತ್ತಿ ನೋಡಿದರು. ಯಂತ್ರ ಗಿರ್ರನೆ ತಿರುಗುತ್ತಿತ್ತು. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳ ಹತ್ತಿರ ಸುಳಿಯದೆ ಸುತ್ತು ಹಾಕಿ ನಡೆದು ಹೋದರು.

ಸೋಮವಾರ ರೆನ್ನಿ ಕೈಕುಲುಕಿ ಅನುದಾನ ಪಕ್ಕಾ ಅಂದ. ಡೋಲಿನಾ ಒಂದೇ ಉಸಿರಿಗೆ ವೃದ್ಧಾಶ್ರಮಕ್ಕೆ ಓಡಿದಳು.

ತಾಯಿ ಕೋಟು ತೊಟ್ಟು, ಟೋಪಿಯಿಟ್ಟು, ಕಾಲ ಬಳಿ ಚೀಲವಿಟ್ಟುಕೊಂಡು ಕುರ್ಚಿಯ ಅಂಚಿನಲ್ಲಿ ಕೂತಿದ್ದಳು.

"ಅಮ್ಮ, ಗೆದ್ವಿ. ಇನ್ನು ಈ ಮನೆ ಮುಚ್ಚೋ ಮಾತೇ ಇಲ್ಲ."

"ಕೇಳಿದೆ. ದೋಣಿ ಎಷ್ಟು ಹೊತ್ತಿಗೆ?"

"ಯಾವ ದೋಣಿ? ಎಲ್ಲಿಗೆ?"

"ಆಚೆ ಪಟ್ಟಣಕ್ಕೆ. ಬರ್ತೀನಿ ಅಂತ ಹೇಳಿ ಕಳಿಸಿದೀನಿ."

"ನಿನಗೋಸ್ಕರ ತಾನೇ ಅಮ್ಮ ಇಷ್ಟೆಲ್ಲ ಮಾಡಿದ್ದು? ಭಾನುವಾರ ಯಂತ್ರ ಓಡಿಸಿದ್ದಕ್ಕಾ ಸಿಟ್ಟು? ಅಲ್ಲಿ ಮಾತ್ರ ಅವತ್ತು ಕರೆಂಟು ನಿಲ್ಲಿಸ್ತಾರಾ?"

"ನಿಲ್ಲಿಸಲ್ಲ. ಅಲ್ಲಿ ಯಾರ ಪಾಪದಿಂದ ದೀಪ ಉರಿಯುತ್ತೋ ನನಗೆ ಗೊತ್ತಾಗಲ್ಲ ಕಣೇ," ಅಂದಳು ಮುದುಕಿ. ದನಿಯಲ್ಲಿ ಸಿಟ್ಟೇ ಇರಲಿಲ್ಲ. "ಇಲ್ಲಿ ಸ್ವಿಚ್ಚು ಹಾಕಿದಾಗೆಲ್ಲ ಆ ಪಾಪ ನನ್ನ ಮಗಳದು ಅಂತ ಗೊತ್ತಾಗುತ್ತೆ."

ಡೋಲಿನಾ ಮಂಡಿಯೂರಿ ಕೂತು ತಾಯಿಯ ಕೋಟಿನ ಗುಂಡಿ ಬಿಚ್ಚಲು ಹೋದಳು. ಮುದುಕಿ ಅವಳ ಕೈಯನ್ನು ಮೆಲ್ಲಗೆ ಸರಿಸಿ, ಗುಂಡಿಯನ್ನು ಮತ್ತೆ ಹಾಕಿಕೊಂಡಳು.