ಬಣ್ಣ ಹೋದ ನೀರು

ಕೆ.ಆರ್. ಪುರದಲ್ಲಿ ನಮ್ಮ ಮನೆಗೂ ಮುನಿಶಾಮಿಯ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅವನು ಕೆಮ್ಮಿದರೆ ನಮಗೆ ಕೇಳುತ್ತದೆ.

ಇಪ್ಪತ್ತಾರು ವರ್ಷದಿಂದ ಅವನು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿದ್ದಾನೆ. ಉಗುರಿನ ಸಂದಿಯ ನೀಲಿ ಮದುವೆಯ ದಿನವೂ ಹೋಗಿರಲಿಲ್ಲವೆಂದು ಹೆಂಡತಿ ಮುನಿವೆಂಕಟಮ್ಮ ಈಗಲೂ ಆಡಿಕೊಳ್ಳುತ್ತಾಳೆ. ಇವತ್ತು ಕೆಂಪು, ನಾಳೆ ಹಸಿರು, ಬಟ್ಟೆ ಅದ್ದಿದ ನೀರೆಲ್ಲ ಚರಂಡಿಗೇ ಹೋಗುತ್ತಿತ್ತು. ಜನ ದೂರು ಕೊಟ್ಟ ಮೇಲೆ ಯಜಮಾನ ಜಗದೀಶ್ ಹಿಂದಿನ ಶೆಡ್ಡಿನಲ್ಲಿ ಒಂದು ತೊಟ್ಟಿ ಕೂರಿಸಿದ. ಅದರೊಳಗೆ ಲೋಹದ ತಗಡು ಇಳಿಬಿಟ್ಟು ಕರೆಂಟು ಹರಿಸಿದರೆ ಗುಳ್ಳೆ ಏಳುತ್ತದಂತೆ, ಸ್ವಲ್ಪ ಹೊತ್ತಿಗೆ ಬಣ್ಣವೇ ಇರುವುದಿಲ್ಲವಂತೆ. ಅದನ್ನು ನೋಡಿಕೊಳ್ಳುವ ಕೆಲಸ ಮುನಿಶಾಮಿಗೆ ಬಂತು. ಮೊದಲ ದಿನವೇ ಒಂದು ಲೋಟ ನೀರು ತಂದು ತೋರಿಸಿದ.

"ನೋಡಿ ಅಕ್ಕಾ, ಬೆಳಗ್ಗೆ ಇದು ಕುಂಕುಮ ಕಲಸಿದಂಗಿತ್ತು!"

ಲೋಟದಿಂದ ಬ್ಲೀಚಿಂಗ್ ಪುಡಿಯ ಘಾಟು ಬಂತು. ಬಣ್ಣ ಹಿಡಿಯಲೆಂದು ಹಾಕಿದ ಉಪ್ಪು ನೀರಿನಲ್ಲೇ ಉಳಿದಿರುತ್ತದೆ, ಕರೆಂಟು ತಗುಲಿದರೆ ಅದರಿಂದ ಕೆಟ್ಟ ಗಾಳಿ ಏಳುತ್ತದೆ, ಕಿಟಕಿ ತೆರೆದಿಡಿ ಎಂದು ಯಂತ್ರ ಕೂರಿಸಿದವರು ಹೇಳಿದ್ದರಂತೆ. ಮುನಿಶಾಮಿಗೆ ಮಾತ್ರ ಅದು ಆಸ್ಪತ್ರೆಯ ನೆಲ ಒರೆಸಿದ ವಾಸನೆ. ಚೊಕ್ಕಟದ ವಾಸನೆ.

ಅಕ್ಕಪಕ್ಕದವರು ಆ ಘಾಟಿಗೂ ದೂರು ಕೊಟ್ಟರು. ಜಗದೀಶ್ ಕಿಟಕಿ ಮುಚ್ಚಿಸಿದ. ಅಲ್ಲಿಂದ ಕೆಮ್ಮು ಶುರುವಾಯಿತು.

ನೆನ್ನೆ ಬೆಳಗ್ಗೆ ಮುನಿವೆಂಕಟಮ್ಮ ಊಟದ ಡಬ್ಬಿ ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದಳು.

"ಕಿಟಕಿ ತೆಗೀತೀನಿ ಅನ್ನಿ, ಡಬ್ಬಿ ಕೊಡ್ತೀನಿ."

"ಜನ ಮತ್ತೆ ದೂರು ಕೊಟ್ರೆ ಬೀಗ ಬೀಳತ್ತೆ ಕಣೇ. ಈ ವಯಸ್ಸಲ್ಲಿ ನಂಗ್ಯಾರು ಕೆಲಸ ಕೊಡ್ತಾರೆ, ನಿಮ್ಮಪ್ಪನಾ?"

"ನಮ್ಮಪ್ಪ ಸತ್ತು ಹತ್ತು ವರ್ಷ ಆಯ್ತು. ನೀವೂ ಅಲ್ಲಿಗೇ ಹೊರಟಿದ್ದೀರಾ?"

ಅವನು ನಗಲು ಹೋಗಿ ಕೆಮ್ಮಿದ. ಬಾಗಿಲ ಚೌಕಟ್ಟು ಹಿಡಿದು ಉಸಿರು ಎಳೆದುಕೊಂಡು, ಪಕ್ಕದಲ್ಲೇ ನಮ್ಮ ಹೊಸಿಲಲ್ಲಿ ಕುಳಿತಿದ್ದ ನನ್ನ ಕಡೆ ತಿರುಗಿದ.

"ಸುಮ್ನೆ ಹೆದರ್ತಾಳೆ ಅಕ್ಕಾ. ಹದಿನೈದು ದಿನದಿಂದ ತೊಟ್ಟಿ ಮೇಲೆ ಬಗ್ಗಿದ್ರೂ ವಾಸನೇನೇ ಇಲ್ಲ. ಎಲ್ಲಾ ಸರಿಹೋಗಿದೆ."

ಅವನ ಅಂಗಿಯ ಘಾಟಿಗೆ ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡಿದ್ದೆ.

ಮುನಿವೆಂಕಟಮ್ಮ ಒಳಗೆ ಹೋಗಿ ಇಂಗಿನ ಕರಡಿಗೆ ತಂದಳು. "ಕಣ್ಣು ಮುಚ್ಚಿ. ಇದೇನು ಹೇಳಿ?"

ಮುಚ್ಚಳ ತೆಗೆದು ಮೂಗಿಗೇ ಹಿಡಿದಳು. ಇಂಗಿನ ವಾಸನೆ ನನ್ನವರೆಗೂ ಬಂತು. ಅವನು ಎರಡು ಸಲ ಉಸಿರೆಳೆದ.

"ಏನೇ ಇದು? ಖಾಲಿ ಡಬ್ಬಿ ಹಿಡಿದು ಆಟ ಆಡ್ತೀಯಾ? ಟೈಮಾಯ್ತು."

ಕಣ್ಣು ಬಿಟ್ಟು ಒಳಗಿದ್ದುದನ್ನು ಕಂಡ. ಅವಳ ಇನ್ನೊಂದು ಕೈಯಿಂದ ಊಟದ ಡಬ್ಬಿ ತೆಗೆದುಕೊಂಡು ಕೆಲಸಕ್ಕೆ ಹೋದ.